ಮೊದಲು ಪಿನ್ನು, ಆಮೇಲೆ ಮಾತು

ಸಿಂಹಾಸನದ ಮೇಲಿದ್ದೂ ಸಿಂಹಾಸನವನ್ನು ಮುಟ್ಟದೆ, ನಾಲ್ಕು ಬೆರಳು ಮೇಲೆ ನಿರಾಧಾರನಾಗಿ ನೆಲೆಸಿ, ಮೂರು ಲೋಕದ ಮಾತನ್ನು ಕೇಳಿಯೂ ಒಂದು ಎಳ್ಳಿನಷ್ಟು ಭಾರವಾಗದ ಜಿನೇಶ್ವರನಿಗೆ ಮೊದಲ ವಂದನೆ. ಆತನ ಪಾದಗಳ ಕೆಳಗೆ ಅರಳುವ ಹೊಂದಾವರೆಗಳಿಗೆ ಎರಡನೆಯದು. ನುಡಿಯನ್ನೇ ಮೈಯಾಗಿ ಉಳ್ಳ ಶ್ರುತದೇವಿಗೆ ಮೂರನೆಯದು. ನಾನು ಈಗ ಹೇಳಲಿರುವ ಸಂಗತಿಯಲ್ಲಿ ನಾಚಿಕೆಗೆ ಅಂಜಿ ಏನನ್ನಾದರೂ ಮುಚ್ಚಿಟ್ಟರೆ, ಇದನ್ನು ಬರೆಯುತ್ತಿರುವ ಕೈಯ ಲೇಖನಿಯನ್ನು ಆ ತಾಯಿ ಒನಕೆಯಷ್ಟು ಭಾರ ಮಾಡಲಿ.

ನಮ್ಮ ಊರಿಗೆ ಬರುವ ದಾರಿ ಯಾವ ನಕ್ಷೆಯಲ್ಲೂ ಇಲ್ಲ. ಆದರೂ ಬರಬೇಕಾದವರು ಬರುತ್ತಲೇ ಇದ್ದಾರೆ. ಬಂದವರಿಗೆ ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತೇವೆ. ಇಲ್ಲಿ ನೆಲದಿಂದ ಎತ್ತಿದ ವಸ್ತುವಿನ ಬಳಿ ಯಾರಾದರೂ ಸುಳ್ಳಾಡಿದರೆ ಆ ವಸ್ತು ಭಾರವಾಗುತ್ತದೆ. ಸುಳ್ಳಿನ ಗಾತ್ರ ಎಷ್ಟೋ ಭಾರವೂ ಅಷ್ಟು. ಆಡಿದವರೇ ನಿಜ ನುಡಿದರೆ ಭಾರ ಇಳಿಯುತ್ತದೆ. ನೆಲದ ಮೇಲೆ ಇಟ್ಟದ್ದಕ್ಕೆ ಈ ಬಾಧೆಯಿಲ್ಲ. ಆದ್ದರಿಂದ ನಮ್ಮಲ್ಲಿ ಕೊಡ ಹೊತ್ತ ಹೆಂಗಸರು ನೆರೆಮನೆಯ ಸುದ್ದಿ ಆಡುವುದಿಲ್ಲ. ಚುನಾವಣೆಗೆ ನಿಂತವರು ಮೈಕನ್ನು ಕೈಯಲ್ಲಿ ಹಿಡಿಯುವುದಿಲ್ಲ, ನೆಲದಲ್ಲಿ ಹೂಳಿದ ಕಂಬಕ್ಕೆ ಕಟ್ಟಿಸುತ್ತಾರೆ. ಹೆಣ್ಣು ನೋಡಲು ಬಂದವರಿಗೆ ಚಹದ ಕಪ್ಪನ್ನು ಕೈಗೆ ಕೊಡುವುದಿಲ್ಲ. ಕೊಟ್ಟರೆ, ವರನ ಚಟಗಳ ವಿಚಾರ ಬಂದೊಡನೆ ಅದು ಯಾರದಾದರೂ ತೊಡೆಯ ಮೇಲೆ ಬೀಳುತ್ತದೆ. ತೊಟ್ಟಿಲ ಪಕ್ಕದಲ್ಲಿ ಕುಳಿತ ಅಜ್ಜಿಯರು ಮಗು ಯಾರನ್ನು ಹೋಲುತ್ತದೆ ಎಂಬ ಮಾತೆತ್ತುವುದಿಲ್ಲ. ಕವಿಗಳಿಗೆ ಇದರಿಂದ ವಿನಾಯಿತಿಯುಂಟೋ ಎಂದು ನಾನು ಯೌವನದಲ್ಲಿ ಪರೀಕ್ಷಿಸಿದ್ದುಂಟು. ಕೈಯಲ್ಲಿ ನೀರಿನ ತಂಬಿಗೆ ಹಿಡಿದು ನಾಯಿಕೆಯ ಮುಖ ಚಂದ್ರನಂತಿದೆ ಎಂದೆ, ತಂಬಿಗೆ ಅಲುಗಲಿಲ್ಲ. ಮುಖವೇ ಚಂದ್ರನೆಂದೆ, ಆಗಲೂ ಅಲುಗಲಿಲ್ಲ. ಈ ಪದ್ಯವನ್ನು ಯಾರ ನೆರವೂ ಇಲ್ಲದೆ ನಾನೇ ಕಟ್ಟಿದೆ ಎಂದೆ. ತಂಬಿಗೆ ಕಾಲ ಹೆಬ್ಬೆರಳ ಮೇಲೆ ಬಿತ್ತು.

ನನ್ನ ಹೆಸರು ಪಾಯಪ್ಪ. ಊರಿನವರು ಪಂಡಿತರು ಎನ್ನುತ್ತಾರೆ. ಊರಿನಿಂದ ಏಳು ಮೈಲಿ ಆಚೆ ಒಂದು ಗುಡ್ಡವಿದೆ, ಗುಡ್ಡದ ಬುಡದಲ್ಲಿ ಬಸದಿಯಿದೆ. ಅಲ್ಲಿ ಮೂವತ್ತು ವರ್ಷಗಳಿಂದ ಪ್ರತಿದಿನ ಹೊತ್ತು ಮುಳುಗುವ ಮುನ್ನ ನಾನು ಪ್ರವಚನ ಮಾಡುತ್ತ ಬಂದಿದ್ದೇನೆ. ಹೋಗಿ ಬರಲು ಮೋಟಾರುಬೈಕು. ನಾನು ಅಣುವ್ರತಗಳನ್ನು ಸ್ವೀಕರಿಸಿದವನು. ಹಿಂಸೆ ಮಾಡಬಾರದು, ಸುಳ್ಳಾಡಬಾರದು ಎಂಬವು ಅವುಗಳಲ್ಲಿ ಮೊದಲಿನವು. ಹೀಗಾಗಿ ಗಾಡಿ ಚಾಲೂ ಮಾಡುವ ಮುನ್ನ ಮೆತ್ತನೆಯ ಕುಂಚವೊಂದನ್ನು ಹಿಡಿದು, ಚೈನಿನ ಮೇಲೆ, ಚಕ್ರದ ಕಡ್ಡಿಗಳ ನಡುವೆ, ಇಂಜಿನ್ನಿನ ಸಂದಿನಲ್ಲಿ ಇರುವೆಯೋ ಜೇಡವೋ ಮನೆ ಮಾಡಿದೆಯೇ ಎಂದು ನೋಡಿ, ಇದ್ದರೆ ಗೌರವದಿಂದ ಕೆಳಗಿಳಿಸಿ ಹೊರಡುವುದು ನನ್ನ ನಿಯಮ. ನಡೆಯುವವನು ನೊಗದುದ್ದ ಮುಂದಿನ ನೆಲವನ್ನು ನೋಡಿಯೇ ಹೆಜ್ಜೆಯಿಡಬೇಕೆಂಬ ಮುನಿಗಳ ನಿಯಮವನ್ನು ನಾನು ನೂರಾರು ಸಲ ವಿವರಿಸಿದ್ದೇನೆ. ಕೇಳಿದವರು ಮನೆಗೆ ಹೋಗುವಾಗ ತಲೆ ತಗ್ಗಿಸಿ ನಡೆಯುತ್ತಿದ್ದರು.

ಕಳೆದ ದೀಪಾವಳಿಯ ಹೊತ್ತಿಗೆ ನೊಗದುದ್ದ ಮುಂದಿನ ನೆಲ ನನಗೆ ಕಾಣಿಸದಾಯಿತು. ಮೊದಲು ಅಕ್ಷರಗಳ ಕಾಲುಗಳು ಕರಗಿದವು, ಆಮೇಲೆ ತಲೆಕಟ್ಟು, ಆಮೇಲೆ ಇಡೀ ಸಾಲು ಒಂದು ಬೂದುಬಣ್ಣದ ಎಳೆಯಾಯಿತು. ಪ್ರವಚನಕ್ಕೆ ತೊಂದರೆಯಾಗಲಿಲ್ಲ. ಶಾಸ್ತ್ರದ ಪೋಥಿಯನ್ನು ಕಲ್ಲಿನ ಕಟ್ಟೆಯ ಮೇಲೆ ಇಟ್ಟು, ಕಂಠಸ್ಥವಾದುದನ್ನು ಹೇಳುತ್ತ, ಓದುವವನಂತೆ ತಲೆ ಆಡಿಸಿದೆ. ಗಾಡಿಯನ್ನೂ ಅಭ್ಯಾಸಬಲದಿಂದ ಓಡಿಸಿದೆ. ಎತ್ತಿನಗಾಡಿಯ ಗಂಟೆ ಎಡಕ್ಕೆ ಕೇಳಿಸಿದರೆ ಬಲಕ್ಕೆ ಹೊರಳುವುದು, ಹುಣಸೆಯ ನೆರಳು ಮೈಮೇಲೆ ತಂಪಾಗಿ ಬಿದ್ದರೆ ತಿರುವು ಬಂತೆಂದು ತಿಳಿಯುವುದು. ಮನೆಯಾಕೆಗೆ ಹೇಳಲಿಲ್ಲ. ಹೇಳಿದರೆ ಗಾಡಿಯ ಕೀಲಿ ಹೋಗುತ್ತದೆ, ಕೀಲಿ ಹೋದರೆ ಬಸದಿ ಹೋಗುತ್ತದೆ, ಬಸದಿ ಹೋದರೆ ಪಾಯಪ್ಪನಲ್ಲಿ ಉಳಿಯುವುದೇನು ಎಂಬ ಭಯ. ಇರುವೆಗಳ ಚಿಂತೆ ನನ್ನನ್ನು ಕಾಡುತ್ತಿತ್ತು. ಬಗ್ಗಿ ನೋಡಿದರೆ ಚೈನು ಬರಿಯ ಕಪ್ಪು. ಅದನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರೆ ಕಂಡೀತೇನೋ ಎಂದು ಯೋಚಿಸಿ, ಗಾಡಿಯನ್ನು ಎತ್ತುವ ಲಿಫ್ಟೊಂದನ್ನು ಮನೆಯಲ್ಲೇ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ.

ಎತ್ತುವ ಸಾಧನಗಳೆಲ್ಲ ನಮ್ಮ ಊರಿನಲ್ಲಿ ಮದಾರಸಾಬನ ಅಂಗಡಿಯಲ್ಲಿ ಸಿಗುತ್ತವೆ. ಅವನು ದಪ್ಪ ಮೀಸೆಯ, ತೆಳ್ಳನೆಯ ಮನುಷ್ಯ. ಅಂಗಡಿಯ ನಡುವೆ ಒಂದು ಮಾದರಿ ಲಿಫ್ಟಿನ ಮೇಲೆ ಹಳೆಯ ಗಾಡಿಯೊಂದನ್ನು ಸದಾ ಎತ್ತಿಯೇ ಇಟ್ಟಿರುತ್ತಾನೆ. ಅದಕ್ಕೊಂದು ಭಾರ ತೋರಿಸುವ ಮುಳ್ಳಿನ ಮಾಪಕ. ಗಿರಾಕಿಯ ಮಾತು ಅವನ ಕಿವಿಗೆ, ಅವನ ಕಣ್ಣು ಮುಳ್ಳಿನ ಮೇಲೆ.

"ಬರ್ರಿ ಪಂಡಿತರ, ಕೂಡ್ರಿ. ಲಿಫ್ಟ್ ಬೇಕಾ? ಮನ್ಯಾಗ ಎಷ್ಟು ಮಂದಿ ಅದೀರಿ?" ಎಂದ.

"ಗಾಡಿ ಎಷ್ಟು ಕಿಲೋ ಅಂತ ಕೇಳಬೇಕಲ್ಲೋ ನೀನು?"

"ನಿಮ್ಮ ಗಾಡಿ ನೂರರವತ್ತು ಕಿಲೋ ಐತಿ, ಅದು ನನಗ ಗೊತ್ತು. ಗಾಡಿ ಸುಳ್ಳ ಹೇಳೂದಿಲ್ಲ. ಮಂದಿ ಎಷ್ಟು?"

"ಇಬ್ಬರು. ನಾನು, ನನ್ನ ಮನಿಯಾಕಿ."

"ಒಬ್ಬರಿಗೊಬ್ಬರು ಮಾತಾಡ್ತೀರೇನ್ರಿ?"

"ಇದೆಂಥಾ ಪ್ರಶ್ನೆ? ಮಾತಾಡದ ಇರ್ತೀವೇನು?"

"ಹಂಗಲ್ರಿ. ಮಾತು ಬಿಟ್ಟ ಜೋಡಿಗೆ ಸಣ್ಣದ ಸಾಕಾಗ್ತೈತಿ. ಹೊಸದಾಗಿ ಮದ್ವಿ ಆದವ್ರಿಗೆ ಮಾತ್ರ ನಾನು ಐದುನೂರು ಕಿಲೋಕ್ಕಿಂತ ಕಮ್ಮಿ ತೋರ್ಸೂದ ಇಲ್ಲ."

ಅವನು ನನ್ನನ್ನು ಕೈಹಿಡಿದು ಒಂದೊಂದನ್ನೂ ಮುಟ್ಟಿಸಿ ತೋರಿಸಿದ. ಮೊದಲನೆಯದು ಹಿಂದಿನ ಚಕ್ರವನ್ನಷ್ಟೇ ಎತ್ತುವ ಕಬ್ಬಿಣದ ಸ್ಟ್ಯಾಂಡು. ಹಗುರ, ಮೂಲೆಯಲ್ಲಿ ಒರಗಿಸಿ ಇಡಬಹುದು. ಆದರೆ ಚೈನು ಮೊಣಕಾಲಿನ ಮಟ್ಟಕ್ಕೂ ಬರದು. ಎರಡನೆಯದು ಇಂಜಿನ್ನಿನ ಕೆಳಗೆ ತೂರಿಸಿ ತಿರುಪು ತಿರುಗಿಸಿದರೆ ಕತ್ತರಿಯ ಕಾಲುಗಳಂತೆ ಏರುವ ಜಾಕು. ಎರಡು ಚಕ್ರವನ್ನೂ ಎತ್ತುತ್ತದೆ, ಆದರೆ ಪಕ್ಕದಲ್ಲಿ ಒಬ್ಬರು ಗಾಡಿಯನ್ನು ಹಿಡಿದು ನಿಂತಿರಬೇಕು. ಮೂರನೆಯದು ಒಂದಾಳುದ್ದಕ್ಕೂ ಮಿಕ್ಕಿದ ಹಲಗೆ. ಗಾಡಿಯನ್ನು ಅದರ ಮೇಲೆ ತಳ್ಳಿ, ಮುಂದಿನ ಚಕ್ರವನ್ನು ಕಚ್ಚಿನಲ್ಲಿ ಬಿಗಿದು, ಕಾಲಿನಿಂದ ಪೆಡಲ್ ಒತ್ತಿದರೆ, ಎಣ್ಣೆಯ ಒತ್ತಡದಿಂದ ಹಲಗೆ ಗಾಡಿಸಮೇತ ಸೊಂಟದ ಎತ್ತರಕ್ಕೆ ಏಳುತ್ತದೆ. ನನಗೆ ಬೇಕಾದುದು ಅದೇ.

"ಇಷ್ಟು ವರ್ಷ ಬೇಡಾಗಿದ್ದು ಈಗ ಯಾಕ್ರಿ?" ಎಂದು ಮದಾರಸಾಬ ಕೇಳಿದ.

"ಬೆನ್ನು ನೋವಪ್ಪ. ಬಗ್ಗಾಕ ಆಗೂದಿಲ್ಲ. ಅದಕ್ಕ."

ಬೆನ್ನು ನೋಯುತ್ತಿದ್ದುದು ಸುಳ್ಳಲ್ಲ. ಅದು ಕಾರಣವೆಂಬುದಷ್ಟೇ ಸುಳ್ಳು. ಇಷ್ಟು ಸೂಕ್ಷ್ಮವಾದ ಭೇದವನ್ನು ಕಬ್ಬಿಣ ಅರಿಯಲಾರದೆಂದು ನಾನು ಭಾವಿಸಿದ್ದೆ. ಅಂಗಡಿಯ ನಡುವಿನಿಂದ ಹಾವು ಬುಸುಗುಟ್ಟಿದಂತೆ ಒಂದು ಸದ್ದು ಬಂತು.

"ಏನದು ಸಪ್ಪಳ?" ಎಂದೆ.

"ನಮ್ಮ ಮಾಲು ಕೆಲಸ ಮಾಡಾಕತ್ತೈತ್ರಿ," ಎಂದ ಮದಾರಸಾಬ. ಮುಳ್ಳು ಎಷ್ಟು ದೂರ ಹಾರಿತ್ತೆಂಬುದು ನನಗೆ ಹೇಗೆ ಕಾಣಬೇಕು? ಅವನು ಪೆಡಲನ್ನು ನಾಲ್ಕು ಸಲ ಒತ್ತಿದ ಸದ್ದು ಮಾತ್ರ ಕೇಳಿಸಿತು. ಬಳಿಕ ಬಹಳ ಮೃದುವಾಗಿ, "ಪಂಡಿತರ, ಇದರಾಗ ಮೂರು ನಮೂನಿ ಅದಾವ. ಇನ್ನೂರು ಕಿಲೋ ತಡಿಯೂದು, ಮುನ್ನೂರೈವತ್ತರದು, ಐದುನೂರರದು. ನೀವು ಮುನ್ನೂರೈವತ್ತರದು ತಗೋರಿ" ಎಂದ.

"ನಾನು ಅಣುವ್ರತಿ, ಮದಾರಸಾಬ."

"ಅದಕ್ಕ ಮುನ್ನೂರೈವತ್ತು ಅಂದೆ. ಬ್ಯಾರೆಯವ್ರಾಗಿದ್ರ ಐದುನೂರು ಅಂತಿದ್ದೆ."

"ಗಾಡಿ ನೂರರವತ್ತು. ಇನ್ನೂರರದ್ದರಾಗ ಇನ್ನೂ ನಲವತ್ತು ಕಿಲೋ ಉಳೀತದ. ಅಷ್ಟು ಸುಳ್ಳು ನಮ್ಮ ಮನ್ಯಾಗ ಏಳು ಜನ್ಮಕ್ಕೂ ಹುಟ್ಟೂದಿಲ್ಲ."

ಮತ್ತೆ ಆ ಬುಸುಗುಟ್ಟುವ ಸದ್ದು. ಮದಾರಸಾಬ ಕೆಮ್ಮಿದ. ಇನ್ನೂರರದನ್ನೇ ಕಟ್ಟಿಕೊಟ್ಟು, ಹೊರಡುವಾಗ ನನ್ನ ಅಂಗೈಯಲ್ಲಿ ಹೆಬ್ಬೆರಳು ಗಾತ್ರದ ಕಬ್ಬಿಣದ ಪಿನ್ನೊಂದನ್ನು ಇಟ್ಟು ಬೆರಳುಗಳನ್ನು ಮಡಿಸಿದ. "ಹಲಗಿ ಮ್ಯಾಲೆ ಎದ್ದ ಕೂಡ್ಲೆ ಕಾಲಿನ ತೂತಿನ್ಯಾಗ ಇದನ್ನ ಹಾಕ್ರಿ. ಇದು ಕುಂತ್ರ ಎಂಥಾ ಭಾರ ಬಂದ್ರೂ ಹಲಗಿ ಇಳಿಯೂದಿಲ್ಲ. ಮೊದ್ಲ ಪಿನ್ನು, ಆಮ್ಯಾಲೆ ಮಾತು. ಇದೊಂದು ಮರೀಬ್ಯಾಡ್ರಿ."

ಮನೆಯಾಕೆ ಚಂಪಾವತಿಯ ತಂದೆ ಆಯಿಲ್ ಇಂಜಿನ್ನು ರಿಪೇರಿ ಮಾಡುತ್ತಿದ್ದವರು. ನಟ್ಟು ಬಿಗಿಯುವ ಪಾನಾ ಹಿಡಿಯುವುದು ಅವಳಿಗೆ ಸೌಟು ಹಿಡಿಯುವುದಕ್ಕಿಂತ ಮೊದಲೇ ಬಂದ ವಿದ್ಯೆ. ನಮ್ಮ ಗಾಡಿಯ ಚೈನು ಬಿಗಿಯುವುದು, ಎಣ್ಣೆ ಬದಲಿಸುವುದು, ಬ್ರೇಕಿನ ತಂತಿ ಎಳೆಯುವುದು ಎಲ್ಲ ಅವಳದೇ. ಬೆನ್ನುನೋವಿನ ಕಾರಣ ಕೇಳಿ ಅವಳು, "ಹೌದ್ರಿ, ಬೆನ್ನ ನೋವು ಬಾಳ ಕೆಟ್ಟದ್ದು" ಎಂದಳು. ಅಷ್ಟು ಬೇಗ ಅವಳು ಒಪ್ಪಿದ ಇನ್ನೊಂದು ಸಂಗತಿ ನಮ್ಮ ಮದುವೆಯಾದ ಮೇಲೆ ನಡೆದಿಲ್ಲ. ನನಗೆ ಅನುಮಾನ ಬರಬೇಕಾಗಿತ್ತು. ಗಾಡಿ ಆಗ ನೆಲದ ಮೇಲಿತ್ತು.

ಅಂಗಳದ ಸಿಮೆಂಟು ನೆಲ ಸಪಾಟಾಗಿದೆಯೇ ಎಂದು ಅವಳು ಪರಾತದಲ್ಲಿ ನೀರು ತುಂಬಿ ಇಟ್ಟು ನೋಡಿದಳು. ಒಂದು ಮೂಲೆ ತಗ್ಗಿತ್ತು. ಲಿಫ್ಟಿನ ಆ ಕಾಲಿಗೆ ತಗಡಿನ ಚೂರು ಕೊಟ್ಟಳು. ನಾನು ಗಾಡಿ ತಳ್ಳಿದೆ, ಅವಳು ಮುಂದಿನ ಚಕ್ರ ಬಿಗಿದಳು, ಇಬ್ಬರೂ ಸರದಿಯಂತೆ ಪೆಡಲ್ ಒತ್ತಿದೆವು. ಗಾಡಿ ಎದ್ದಿತು. ಅದರ ಹೊಟ್ಟೆಯನ್ನು ನಾನು ಮೊದಲ ಸಲ ಮುಟ್ಟಿದೆ. ಆ ವಾರ ನಮ್ಮ ಅಂಗಳದಲ್ಲಿ ಪಿನ್ನು ಬಿದ್ದ ಮೇಲೂ ಮಾತಿಲ್ಲ. ನನಗೂ ಮೌನ ಬೇಕಿತ್ತು, ಅವಳೂ ಏಕೋ ತುಟಿ ಬಿಚ್ಚಲಿಲ್ಲ. ಚೈನಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಾನು ಇರುವೆ ಹುಡುಕುತ್ತಿದ್ದೆ. ಒಂದು ಬೆಳಗ್ಗೆ ಕಪ್ಪುಚುಕ್ಕೆಯೊಂದು ಕಂಡಿತು. ಕ್ಷಮೆ ಕೇಳಿ, ಕುಂಚ ತಾಗಿಸದೆ, ತಾನಾಗಿ ಇಳಿದುಹೋಗಲೆಂದು ಅರ್ಧ ತಾಸು ಕೈಮುಗಿದು ಕಾದೆ. ಅದು ಗ್ರೀಸಿನ ಹನಿ.

ಶ್ರುತಪಂಚಮಿಗೆ ಐದು ದಿನ ಉಳಿದಿತ್ತು. ಆ ಹಬ್ಬದಂದು ನಮ್ಮ ಬಸದಿಯಲ್ಲಿ ಒಂದು ಪದ್ಧತಿಯಿದೆ. ಶಾಸ್ತ್ರಗಳ ಪೆಟ್ಟಿಗೆಯಿಂದ ಅದುವರೆಗೆ ಯಾರೂ ಬಿಚ್ಚದ ಒಂದು ಓಲೆಗರಿಯ ಕಟ್ಟನ್ನು ತೆಗೆದು, ಪಂಡಿತನಾದವನು ಅದನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು ಸಭೆಗೆ ಓದಿ ಹೇಳಬೇಕು. ಯಾರೂ ಓದದ್ದು ಯಾರಿಗೆ ಕಂಠಸ್ಥವಾಗಿದ್ದೀತು? ಕಟ್ಟೆಯ ಮೇಲೆ ಇಡುವಂತೆಯೂ ಇಲ್ಲ. ಓದಿದಂತೆ ನಟಿಸಿದರೆ ಓಲೆಗಳು ಬೀಸುವಕಲ್ಲಿನಂತೆ ಮಡಿಲಿಗೆ ಕುಸಿಯುವುದನ್ನು ಊರೆಲ್ಲ ನೋಡುತ್ತದೆ. ನಾನು ಜ್ವರ ಬರಿಸಿಕೊಳ್ಳುವ ಉಪಾಯಗಳನ್ನು ಚಿಂತಿಸುತ್ತಿದ್ದೆ.

ಆ ಬೆಳಗ್ಗೆ ಚಂಪಾವತಿ ಹಿಂದಿನ ಚಕ್ರದ ನಟ್ಟು ಸಡಿಲಿಸಿ ಚೈನು ಬಿಗಿಯಲು ಕುಳಿತಳು. ಹಲಗೆ ಎದ್ದಿತು. ಪಿನ್ನು ಹಾಕುವುದು ನನ್ನ ಕೆಲಸ. ತಡವರಿಸಿ ಹಾಕಿದೆ; ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಯಿತು. ಪಿನ್ನು ತೂತಿನ ಪಕ್ಕದಿಂದ ಜಾರಿ ಕಾಲಿನ ಅಂಚಿನ ಮೇಲೆ ಸುಮ್ಮನೆ ಮಲಗಿತ್ತು. ನನಗದು ತಿಳಿಯಲಿಲ್ಲ.

"ಪಿನ್ನು ಹಾಕಿದ್ರಿ?" ಎಂದಳು.

"ಹಾಕಿದೆ."

"ತೂತಿನ್ಯಾಗ ಹೋದದ್ದು ಕಣ್ಣಿಲೆ ನೋಡಿದ್ರಿ?"

"ನೋಡಿದೆ."

ಹಲಗೆ ಬುಸುಗುಟ್ಟಿ ನಾಲ್ಕು ಬೆರಳು ಇಳಿಯಿತು.

"ಇಳೀತಲ್ರಿ."

"ಎಣ್ಣಿ ಸೋರತದ. ಮದಾರಸಾಬ ನಮಗ ಕೆಟ್ಟ ಮಾಲು ಕೊಟ್ಟಾನ."

ಇನ್ನೂ ಒಂದು ಗೇಣು ಇಳಿಯಿತು. ಆ ಗಲಾಟೆಯಲ್ಲಿ ಅವಳ ಕೈಯಿಂದ ನಟ್ಟು ಜಾರಿ ಹಲಗೆಯ ಕೆಳಗೆ ಉರುಳಿತು. ಅವಳು ಅದನ್ನು ಹುಡುಕಲು ಕೈ ಚಾಚಿದ್ದು ನನಗೆ ಕಾಣಲಿಲ್ಲ. ಸಿಕ್ಕಿಬಿದ್ದವನು ಎದುರಾಳಿಯ ಮೇಲೆಯೇ ಪೂರ್ವಪಕ್ಷ ಹೂಡಬೇಕೆಂಬುದು ತರ್ಕದ ಹಳೆಯ ಪಟ್ಟು. ನಾನು ದನಿಯೇರಿಸಿದೆ.

"ಅದಿರಲಿ ಚಂಪಾ, ಗಾಡಿಯಾಗ ಪೆಟ್ರೋಲು ಯಾಕ ಕಮ್ಮಿ ಆಗತದ? ಟಾಕಿ ಅಲುಗಿಸಿದ್ರ ಸಪ್ಪಳ ಬ್ಯಾರೆ ಕೇಳಸ್ತದ. ಯಾರು ಒಯ್ತಾರ?"

"ನನಗೇನ್ ಗೊತ್ರಿ? ನಾ ಗಾಡಿ ಮುಟ್ಟೂದು ಚೈನಿಗೆ ಎಣ್ಣಿ ಹಚ್ಚಾಕ ಅಷ್ಟ."

ಲಿಫ್ಟು ನರಳಿತು. ಅದು ನನ್ನ ಸುಳ್ಳಿಗಿಂತ ದೊಡ್ಡ ಸದ್ದು. ಬಳೆ ಒಡೆದ ದನಿ ಕೇಳಿಸಿತು, ಅದರ ಹಿಂದೆಯೇ ಅವಳ ಕೂಗು.

"ಅಯ್ಯ! ರೀ, ಕೈ! ಕೈ ಸಿಕ್ಕೈತಿ!"

"ಎಲ್ಲಿ? ಯಾವ ಕೈ?"

"ಹಲಗಿ ಕೆಳಗ! ನಿಮ್ಮ ಕಣ್ಣ ಮುಂದ ಐತಲ್ರಿ, ಕಾಣಸೂದಿಲ್ಲೇನು?"

ಕಾಣಸ್ತದ ಎಂಬ ಮಾತು ಏಳು ತಿಂಗಳ ರೂಢಿಯಿಂದ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹಲಗೆ ನೂಲಿನಷ್ಟು ನೂಲಿನಷ್ಟು ಇಳಿಯುತ್ತಿತ್ತು. ಆ ಒಂದು ಮಾತು ಹೊರಬಿದ್ದಿದ್ದರೆ ಅದರ ಭಾರವನ್ನು ಹೊರಬೇಕಾದುದು ನನ್ನ ಕೀರ್ತಿಯಲ್ಲ, ಅವಳ ಬೆರಳುಗಳು.

"ಕಾಣಸೂದಿಲ್ಲ," ಎಂದೆ. "ಕಾಣಸೂದಿಲ್ಲ ಚಂಪಾ. ನಿನ್ನ ಕೈ ಕಾಣಸೂದಿಲ್ಲ, ತೂತು ಕಾಣಸಲಿಲ್ಲ, ದೀಪಾವಳಿಯಿಂದ ಅಕ್ಷರ ಕಾಣಸಿಲ್ಲ, ಲಿಫ್ಟು ತಂದದ್ದು ಬೆನ್ನಿನ ಸಲುವಾಗಿ ಅಲ್ಲ, ಮದಾರಸಾಬ ಒಳ್ಳೆಯವ!"

ಬುಸುಗುಟ್ಟುವುದು ನಿಂತಿತು. ನಾನು ಪೆಡಲ್ ತಡಕಿ ಎರಡೂ ಕಾಲುಗಳಿಂದ ಒತ್ತಿದೆ. ಹಲಗೆ ಕೆಳಕ್ಕೂ ಬರಲಿಲ್ಲ, ಮೇಲಕ್ಕೂ ಏಳಲಿಲ್ಲ. ಗಾಡಿ ಇನ್ನೂ ಆನೆಯಂತೆ ಕುಳಿತಿತ್ತು. ನನ್ನ ಜೋಳಿಗೆ ಬರಿದಾಗಿತ್ತು. ಒಪ್ಪಿಕೊಳ್ಳಲು ನನ್ನ ಬಳಿ ಏನೂ ಉಳಿದಿರಲಿಲ್ಲ.

"ಏಳವಲ್ದು," ಎಂದೆ. "ಉಳಿದದ್ದು ನಂದಲ್ಲ, ಚಂಪಾ."

ಕೈ ಸಿಕ್ಕಿಕೊಂಡಿದ್ದರೂ ಅವಳು ಒಡನೆ ಬಾಯಿಬಿಡಲಿಲ್ಲವೆಂದರೆ ಅವಳ ಅಭಿಮಾನವೂ ನನ್ನದಕ್ಕಿಂತ ಹಗುರವಲ್ಲವೆಂದು ತಿಳಿಯಬೇಕು. ಕೊನೆಗೆ ನೆಲಕ್ಕೆ ಹೇಳುವಂತೆ ಹೇಳಿದಳು: "ಗಾಡಿ ಹೊಡ್ಯಾಕ ಕಲ್ತೀನ್ರಿ. ಯುಗಾದಿಯಿಂದ. ಪೆಟ್ರೋಲು ನಾನ ಸುಟ್ಟೀನಿ."

ಪೆಡಲಿನ ಮೇಲೆ ನನ್ನ ಕಾಲು ಆಗಲೇ ಇತ್ತು. ಹಲಗೆ ದೀಪದ ಹೊಗೆಯಂತೆ ಸರಾಗವಾಗಿ ಮೇಲೆದ್ದಿತು. ಅವಳು ಕೈ ಎಳೆದುಕೊಂಡು, ಮೊದಲು ಮಾಡಿದ ಕೆಲಸವೆಂದರೆ ಪಿನ್ನನ್ನು ತೂತಿನಲ್ಲಿ ಸರಿಯಾಗಿ ಕೂಡಿಸಿದ್ದು. ಎರಡು ಬಳೆ ಒಡೆದಿದ್ದವು, ಮುಂಗೈ ಚರ್ಮ ತರಚಿತ್ತು, ಎಲುಬಿಗೆ ಏನೂ ಆಗಿರಲಿಲ್ಲ. ನಾನು ಅರಿಸಿನ ತಂದು ಹಚ್ಚಿದೆ. ಅರ್ಧ ಅವಳ ಸೆರಗಿಗೆ ಹಚ್ಚಿದೆನೆಂದು ಆಮೇಲೆ ತಿಳಿಯಿತು. ಲಿಫ್ಟಿನ ಪಕ್ಕದಲ್ಲಿ ನೆಲದ ಮೇಲೆ ಇಬ್ಬರೂ ಕುಳಿತೆವು.

"ಯಾವಾಗಿಂದ ಗೊತ್ತು ನಿನಗ?" ಎಂದೆ.

"ದೀಪಾವಳಿ ಮರುದಿನ ಬಸದಿಯಾಗ ಪೋಥಿ ತಲಿಕೆಳಗ ಇಟ್ಟು ಓದಿದ್ರಿ. ಒಂದಕ್ಷರ ತಪ್ಪಲಿಲ್ಲ."

"ಮಂದಿ ನೋಡಿರಬೇಕಲ್ಲ?"

"ಎಲ್ಲಾರೂ ಕಣ್ಣ ಮುಚ್ಚಿದ್ರು."

"ಧ್ಯಾನದಾಗ ಇದ್ರು."

"ನಿದ್ದ್ಯಾಗ ಇದ್ರು," ಎಂದಳು ಚಂಪಾವತಿ. ನಾನು ಲಿಫ್ಟಿನ ಕಡೆಗೆ ಕಿವಿಗೊಟ್ಟೆ. ಅವಳ ಮಾತಿಗೆ ಅದು ಕಿಂಚಿತ್ತೂ ಸದ್ದು ಮಾಡಲಿಲ್ಲ.

"ಹೇಳಬಾರದಾಗಿತ್ತೇನು?"

"ನೀವ ಹೇಳ್ತೀರಿ ಅಂತ ಕಾದೆ. ಹೇಳಿದ ದಿನ ನಿಮ್ಮ ಕೀಲಿ ಕಸಗೊಂಡೆ ಅಂತ ಆಗಬಾರದು, ನಡ್ರಿ ನಾ ಕರಕೊಂಡು ಹೋಗ್ತೀನಿ ಅಂತ ಆಗಬೇಕು. ಅದಕ್ಕ ಮೊದ್ಲ ಕಲ್ತೆ. ನೀವು ಮಧ್ಯಾಹ್ನ ಮಲಗಿದಾಗ ಗಾಡಿ ತಳ್ಳಿಕೊಂಡು ಹೋಗಿ, ಇಟ್ಟಂಗಿ ಭಟ್ಟಿ ಹಿಂದಿನ ಬಯಲಾಗ ಸುತ್ತತಿದ್ದೆ. ಮದಾರಸಾಬ ಅಣ್ಣ ಕಲಿಸಿದ. ಮೂರು ಸಲ ಬಿದ್ದೀನಿ. ಫುಟ್‌ರೆಸ್ಟು ಬಾಗೇತಿ, ಟಾಕಿಗೆ ತಗ್ಗು ಬಿದ್ದೈತಿ, ಕನ್ನಡಿ ಬ್ಯಾರೆ ಹಾಕೀನಿ. ನಿಮಗ ಕಾಣಸಲಿಲ್ಲ, ಚಲೋ ಆತು."

ಮದಾರಸಾಬ ಮುನ್ನೂರೈವತ್ತರದನ್ನೇ ಕೊಳ್ಳಲು ಏಕೆ ಹೇಳಿದನೆಂದು ಆಗ ನನಗೆ ಹೊಳೆಯಿತು. ಅವನು ನನ್ನ ಸುಳ್ಳನ್ನು ಅಂಗಡಿಯಲ್ಲಿ ತೂಗಿದ್ದ. ಅವಳದನ್ನು ಬಯಲಿನಲ್ಲಿ ತಾನೇ ಕಲಿಸಿದ್ದ. ಕೂಡಿಸಿ ಹೇಳಿದ್ದ.

ನಾನು ನಗಲಾರದೆ ಹೋದೆ. ನನ್ನೊಳಗೆ ಇನ್ನೊಂದು ಮಾತು ಉಳಿದಿತ್ತು. ಅದು ಸುಳ್ಳಲ್ಲ, ಯಾರೂ ಕೇಳದ್ದರಿಂದ ಹೇಳದೆ ಉಳಿದದ್ದು. "ಚಂಪಾ, ಹೋದ ತಿಂಗಳು ಗುಡ್ಡದ ತಿರುವಿನಾಗ ಚಕ್ರದ ಕೆಳಗ ಏನೋ ಮೆತ್ತಗ ಹಾದುಹೋತು. ನಿಂತು ನೋಡಿದೆ, ಕಾಣಸಲಿಲ್ಲ. ಕೈಯಾಡಿಸಿ ನೋಡಾಕ ಅಂಜಿಕಿ ಬಂತು. ಕೂಗಿದೆ, ಏನೂ ದನಿ ಬರಲಿಲ್ಲ. ಅವತ್ತಿನಿಂದ ಯಾವ ಮಂತ್ರಕ್ಕೂ ಮನಸ್ಸು ನಿಂತಿಲ್ಲ."

"ಅವತ್ತು ಮನಿಗೆ ಬಂದು ನೀವು ಉಣ್ಣಲಿಲ್ಲ," ಎಂದಳು. "ಮರುದಿನ ಮಧ್ಯಾಹ್ನ ನಾ ಹೋಗಿ ನೋಡಿದೆ. ಏಳು ಮೈಲಿ ಒಬ್ಬಾಕಿನ ಹೊಡ್ಕೊಂಡು ಹೋದದ್ದು ಅದ ಮೊದ್ಲ ಸಲ. ಒದ್ದಿ ಗೋಣಿಚೀಲ ಬಿದ್ದಿತ್ರಿ. ಬರೇ ಚೀಲ. ಅದರ ಮ್ಯಾಲೆ ನಿಮ್ಮ ಟಾಯರಿನ ಗುರುತು ಇತ್ತು."

ನಾನು ಹಲಗೆಯ ಅಂಚಿಗೆ ಅಂಗೈ ಹಚ್ಚಿದೆ. ಕರುಣೆಯಿಂದ ಆಡಿದ ಸುಳ್ಳಿಗೂ ನಮ್ಮ ಊರಿನಲ್ಲಿ ಭಾರವುಂಟು. ಕಬ್ಬಿಣ ನಡುಗಲಿಲ್ಲ, ಪಿನ್ನು ಕಿರುಗುಟ್ಟಲಿಲ್ಲ. ನೂರರವತ್ತು ಕಿಲೋದ ಗಾಡಿ ನೂರರವತ್ತು ಕಿಲೋ ಆಗಿಯೇ ನಿಂತಿತ್ತು. ಆಗ ನಾನು ಅತ್ತೆ. ಅವಳು ನನ್ನ ಬೆನ್ನು ಸವರುತ್ತ, "ಖರೇನ ನೋವೈತೇನ್ರಿ ಇಲ್ಲಿ?" ಎಂದು ಕೇಳಿದಳು. ಅಳು ನಗೆಯಾಯಿತು.

ಕಣ್ಣಿನ ವೈದ್ಯರು ಮರುದಿನ ನೋಡಿ, ಕಣ್ಣಿನ ಹಿಂದಣ ಪರದೆ ಸವೆದಿದೆ, ಕನ್ನಡಕದಿಂದ ಆಗುವುದಲ್ಲ, ಉಳಿದಷ್ಟನ್ನು ಕಾಪಾಡೋಣ ಎಂದರು. ಹೇಳುವಾಗ ಕೈಯಲ್ಲಿ ಪೆನ್ನು ಹಿಡಿದಿದ್ದರು, ಪೆನ್ನು ಬಾಗಲಿಲ್ಲ. ಆದ್ದರಿಂದ ಎರಡನೆಯ ವೈದ್ಯರನ್ನು ಕಾಣುವ ಅಗತ್ಯ ಬೀಳಲಿಲ್ಲ.

ಶ್ರುತಪಂಚಮಿಯಂದು ಚಂಪಾವತಿ ಕಚ್ಚೆ ಬಿಗಿದು ಗಾಡಿ ಹತ್ತಿದಳು. ಅದಕ್ಕೆ ಮುನ್ನ ಕುಂಚ ಹಿಡಿದು ಚೈನಿನಿಂದ ಎರಡು ಇರುವೆ, ಒಂದು ಸಣ್ಣ ಜೇಡವನ್ನು ಇಳಿಸಿದಳು. ನಾನು ಹಿಂದೆ ಕುಳಿತು ಸೀಟಿನ ಪಟ್ಟಿಯನ್ನು ಹಿಡಿದೆ. ಮೊದಲ ತಿರುವಿನ ನಂತರ ಪಟ್ಟಿ ಬಿಟ್ಟು ಅವಳನ್ನೇ ಹಿಡಿದೆ. ದಾರಿಯುದ್ದಕ್ಕೂ ಅವಳು, "ಕಲ್ಲು ಬಂತು, ಎಮ್ಮಿ ಬಂತು, ತಗ್ಗು ಬಂತು, ಗಟ್ಟಿ ಕೂಡ್ರಿ" ಎಂದು ಕೂಗುತ್ತಿದ್ದಳು. ನೊಗದುದ್ದ ಮುಂದಿನ ನೆಲ ನನಗೆ ಮತ್ತೆ ದೊರಕಿತು, ಕಿವಿಯ ಮೂಲಕ.

ಸಭೆಯಲ್ಲಿ ಓಲೆಗರಿಯ ಕಟ್ಟನ್ನು ನನ್ನ ಕೈಗಿತ್ತರು. ನಾನು ಅದನ್ನು ಎತ್ತಿ ಹಿಡಿದು, ನನಗೆ ಕಣ್ಣು ಕಾಣಿಸುವುದಿಲ್ಲ, ಏಳು ತಿಂಗಳಿಂದ ಓದಿದಂತೆ ನಟಿಸುತ್ತ ನೆನಪಿನಿಂದ ಹೇಳುತ್ತಿದ್ದೆ, ಸತ್ಯವ್ರತವನ್ನು ಮುರಿದ ನನ್ನನ್ನು ಕ್ಷಮಿಸಬೇಕು ಎಂದೆ. ಓಲೆಗಳು ಒಣಗಿದ ಎಲೆಗಳಷ್ಟೇ ಹಗುರಾಗಿದ್ದವು. ಮುಂದಿನ ಸಾಲಿನಲ್ಲಿ ಗಂಗವ್ವನೆಂಬ ಮುದುಕಿ, ಮೂವತ್ತು ವರ್ಷಗಳಿಂದ ಒಂದು ದಿನವೂ ತಪ್ಪಿಸದವಳು, ಬಾಯಿ ತೆರೆದಳು. "ಅದೇನ್ ಹೊಸ ಸುದ್ದಿರಿ ಪಂಡಿತರ? ಎರಡು ತಾಸು ಓದಿ ಒಂದ ಪುಟ ತಿರುವ್ತಿದ್ರಿ. ಬಾಳ ದೊಡ್ಡ ಪುಟ ಇರಬೇಕು ಅಂತ ನಾವೂ ಸುಮ್ಮನಿದ್ವಿ. ಈಗ ಯಾರು ಓದೋರು ಅಷ್ಟು ಹೇಳ್ರಿ, ಹೊತ್ತು ಮುಳುಗತೈತಿ."

ಚಂಪಾವತಿ ನನ್ನ ಪಕ್ಕದಲ್ಲಿ ಕುಳಿತು ಓಲೆಗಳನ್ನು ತೆಗೆದುಕೊಂಡಳು. ಹಳೆಯ ಅಕ್ಷರಗಳು ಅವಳಿಗೆ ಹೊಸವು. ಅವಳು ಒಂದೊಂದೇ ಅಕ್ಷರವನ್ನು ನಟ್ಟು ಬಿಚ್ಚುವವಳಂತೆ ಬಿಡಿಸಿ ಹೇಳಿದಳು. ನಾನು ಅವನ್ನು ಕೂಡಿಸಿ ಪದವಾಗಿಸಿ, ಸಂಧಿ ಒಡೆದು, ಅರ್ಥ ಹೇಳಿದೆ. ಒಂದೆಡೆ, "ಅದು ಹಾಗಿರಲಾರದು, ಛಂದಸ್ಸು ತಪ್ಪುತ್ತದೆ, ಇನ್ನೊಮ್ಮೆ ನೋಡು" ಎಂದೆ. "ನೋಡಾಕತ್ತಾಕಿ ನಾನು. ಇಲ್ಲಿ ಹಂಗ ಐತಿ. ನಿಮ್ಮ ಛಂದಸ್ಸ ಸರಿ ಮಾಡ್ಕೋರಿ," ಎಂದಳು, ಸಭೆಯ ಮುಂದೆಯೇ. ಅವಳ ಕೈಯಲ್ಲಿ ಓಲೆ ಅಲುಗಲಿಲ್ಲ. ನನ್ನ ಛಂದಸ್ಸೇ ತಪ್ಪಿತ್ತು. ಅಂದು ಸಭೆಯಲ್ಲಿ ಯಾರೂ ಮಲಗಲಿಲ್ಲ.

ಮದಾರಸಾಬ ಮುಂದಿನ ವಾರ ಅಂಗಳಕ್ಕೆ ಬಂದ. "ಬದಲಿ ಮಾಡಿ ಕೊಡ್ಲೇನ್ರಿ? ಮುನ್ನೂರೈವತ್ತರದು ಇನ್ನೂ ಐತಿ" ಎಂದ. ಚಂಪಾವತಿ ಬಾಗಿದ ಫುಟ್‌ರೆಸ್ಟನ್ನು ನೇರ ಮಾಡುತ್ತಿದ್ದವಳು ತಲೆಯೆತ್ತದೆ, "ಬ್ಯಾಡಣ್ಣ, ಇನ್ನೂರು ಸಾಕು. ನಲವತ್ತು ಕಿಲೋ ಸಂಸಾರಕ್ಕ ಬೇಕಾಗ್ತೈತಿ," ಎಂದಳು. ಆಮೇಲೆ ಪಾನಾ ಕೆಳಗಿಟ್ಟು ನನ್ನ ಕಡೆ ತಿರುಗಿ ಕೇಳಿದಳು: "ರೀ, ಖರೆ ಹೇಳ್ರಿ. ನಾ ಗಾಡಿ ಹೆಂಗ ಹೊಡೀತೀನಿ?"

"ಅದ್ಭುತ," ಎಂದೆ. "ಎಮ್ಮಿ ಅಡ್ಡ ಬಂದಾಗ್ಲೂ ನನಗ ಒಂಚೂರೂ ಹೆದರಿಕಿ ಆಗಲಿಲ್ಲ."

ಲಿಫ್ಟು ಗಟ್ಟಿಯಾಗಿ ನರಳಿತು. ಪಿನ್ನು ತೂತಿನಲ್ಲೇ ಇದ್ದುದರಿಂದ ಹಲಗೆ ಇಳಿಯಲಿಲ್ಲ. ಮದಾರಸಾಬ ಮೀಸೆಯೊಳಗೆ ಕೆಮ್ಮಿದ. ಅವಳು ನಕ್ಕ ನಗೆ ಓಣಿಯ ಕೊನೆಯವರೆಗೆ ಕೇಳಿಸಿತಂತೆ.

ಇದನ್ನೆಲ್ಲ ನಾನು ಹೇಳಿದೆ, ಅವಳು ಬರೆದಳು. ಒಂದೆರಡು ಕಡೆ ಲೇಖನಿ ಭಾರವೆಂದು ನಿಲ್ಲಿಸಿದಳು, ಅಲ್ಲೆಲ್ಲ ತಿದ್ದಿದ್ದೇನೆ. ಇದನ್ನು ಕೇಳಿದವರಿಗೂ ಓದಿ ಹೇಳಿದವರಿಗೂ ಅರ್ಹಂತನ ಕೃಪೆಯಿರಲಿ. ನೀವು ಎತ್ತಿದ್ದೆಲ್ಲ ಹಗುರಾಗಲಿ, ನಿಮ್ಮ ಪಿನ್ನು ಮೊದಲ ಸಲಕ್ಕೇ ತೂತಿನಲ್ಲಿ ಬೀಳಲಿ, ನಿಮಗೆ ಕಾಣದ್ದನ್ನು ಕಂಡು ಹೇಳುವ ದನಿಯೊಂದು ನಿಮ್ಮ ಮುಂದಿನ ಸೀಟಿನಲ್ಲಿರಲಿ. ನಿಮ್ಮ ಚಕ್ರಗಳ ದಾರಿಯಲ್ಲಿರುವ ಇರುವೆಗಳಿಗೂ ಮಂಗಳವಾಗಲಿ.